ಗುಳ್ಳೆಯೊಳಗೆ ಏನಿರುತ್ತದೆ

ಕೆಮಿಸ್ಟ್ರಿ ದೊರೆಸ್ವಾಮಿಯವರ ಬಾಯಿಂದ ‘ಇರಬಹುದು’ ಎಂಬ ಮಾತು ಬಂದದ್ದನ್ನು ಬಸವನಗುಡಿಯಲ್ಲಿ ಕೇಳಿದವರಿಲ್ಲ. ಗಾಂಧಿಬಜಾರಿನಲ್ಲಿ ಅವರೆಕಾಯಿ ಕೊಳ್ಳುವಾಗ ಮೂಸಿ ನೋಡಿ, ಸೊಗಡಿದೆ ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿಬಿಡುತ್ತಿದ್ದರು. ಮಳೆ ಬರುತ್ತದೆಯೇ ಎಂದು ಹೆಂಡತಿ ಭಾಗೀರಥಮ್ಮ ಕೇಳಿದರೆ ಆಕಾಶದ ಕಡೆ ಕತ್ತೆತ್ತದೆಯೇ “ಬರಲ್ಲ” ಎನ್ನುತ್ತಿದ್ದರು. ಸಂಜೆ ತೊಪ್ಪೆಯಾಗಿ ಬಂದು, “ಇದು ಮಳೆ ಅಲ್ಲ ಕಣೇ, ತುಂತುರು” ಎಂದು ತಲೆ ಒರೆಸಿಕೊಳ್ಳುತ್ತಿದ್ದರು. ಚಾಮರಾಜಪೇಟೆಯ ಮನೆಯಿಂದ ಕಾಲೇಜಿಗೆ ವರ್ಷಾನುಗಟ್ಟಲೆಯಿಂದ ನಡೆದೇ ಬರುವ ಈ ಮನುಷ್ಯ ರಸ್ತೆ ದಾಟುವಾಗಲೂ ಅನುಮಾನಿಸಿದವರಲ್ಲ. ಕೈಯೆತ್ತಿ ಹೊರಟುಬಿಡುವುದು, ಬಸ್ಸಿನವನೇ ನಿಲ್ಲಿಸಬೇಕು. ಪುಣ್ಯಾತ್ಮರು ಇದುವರೆಗೆ ನಿಲ್ಲಿಸಿದ್ದಾರೆ, ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪಾಠವೂ ಅದೇ ಧಾಟಿ. ದೊರೆಸ್ವಾಮಿ ಪಾಠ ಮಾಡುವುದಿಲ್ಲ, ಪಾಯಿಂಟು ಕೊಡುತ್ತಾರೆ. “ಪಾಯಿಂಟ್ ನಂಬರ್ ಒನ್” ಎಂದು ಅವರು ಗುಡುಗಿದರೆ ತರಗತಿ “ಒನ್” ಎನ್ನಬೇಕು. ವಾಕ್ಯ ಮುಗಿದ ಮೇಲೆ ಎಲ್ಲರೂ ಅದನ್ನು ಸಂಧ್ಯಾವಂದನೆಯ ಮಂತ್ರದಂತೆ ಒಕ್ಕೊರಲಿನಿಂದ ಒಪ್ಪಿಸಿ, ಆಮೇಲೆ ಬರೆದುಕೊಳ್ಳಬೇಕು. ಹೊಡೆದುಹಾಕಿ ಬರೆಯುವಂತಿಲ್ಲ. “ಡೌಟು ಅನ್ನೋದು ನೆಗಡಿ ಇದ್ದ ಹಾಗೆ ಕಣ್ರೋ, ಒಬ್ಬನಿಗೆ ಬಂದ್ರೆ ಕ್ಲಾಸಿಗೆಲ್ಲಾ ಅಂಟುತ್ತೆ. ಬರೆಯೋದನ್ನ ಗಟ್ಟಿಯಾಗಿ ಬರೀರಿ. ಪೇಪರ್ ತಿದ್ದೋನು ನಿಮ್ಮ ಅಕ್ಷರ ನೋಡಿ ಹೆದರ್ಕೋಬೇಕು” ಎನ್ನುತ್ತಿದ್ದರು. ಹೆದರಿಕೊಂಡೋ ಏನೋ, ಪೇಪರು ತಿದ್ದುವವರು ಅವರ ವಿದ್ಯಾರ್ಥಿಗಳಿಗೆ ನೂರಕ್ಕೆ ನೂರು ಕೊಡುತ್ತಲೇ ಬಂದಿದ್ದರು. ಅವರ ನೋಟ್ಸಿನ ಜೆರಾಕ್ಸು ಅವೆನ್ಯೂ ರಸ್ತೆಯಲ್ಲಿ ಕಟ್ಟುಕಟ್ಟಾಗಿ ಖಾಲಿಯಾಗುತ್ತಿತ್ತು. ಹೀಗಿರುವಾಗ ಯಾರು ತಾನೆ ಅವರನ್ನು ಪ್ರಶ್ನೆ ಕೇಳಿಯಾರು?

ಪ್ರಶ್ನೆ ಕೇಳಲು ಬಂದವರು ಸುಪ್ರಜಾ. ಆ ವರ್ಷವಷ್ಟೇ ಸೇರಿದ ಕೆಮಿಸ್ಟ್ರಿ ಲೆಕ್ಚರರ್, ದನಿ ಎಷ್ಟು ಮೆತ್ತಗೆಂದರೆ ಹಿಂದಿನ ಬೆಂಚಿನವರಿಗೆ ತುಟಿ ಅಲ್ಲಾಡಿದ್ದು ಮಾತ್ರ ಗೊತ್ತಾಗುತ್ತಿತ್ತು. ಮಕ್ಕಳಿಗೆ ಮಾರ್ಕು ಬರುತ್ತಿದೆ ಸರಿ, ಅರ್ಥವಾಗಿದೆಯೇ ಎಂಬುದು ಆಕೆಯ ತಲೆಯೊಳಗಿನ ಹುಳ. ಅದಕ್ಕೆಂದು ಒಂದು ಪರೀಕ್ಷೆ ತಯಾರಿಸಿದ್ದರು. ಒಂದೊಂದು ಪ್ರಶ್ನೆಗೂ ಮೂರು ಭಾಗ. ಉತ್ತರವೇನು? ಯಾಕೆ? ಮತ್ತು ನಿನ್ನ ಉತ್ತರದ ಮೇಲೆ ನಿನಗೆಷ್ಟು ನಂಬಿಕೆ: ಖಂಡಿತ, ಬಹುಶಃ, ಇಲ್ಲಾ ಬರೀ ಊಹೆ?

ಮೊದಲ ಎರಡು ಭಾಗ ಕೇಳಿ ದೊರೆಸ್ವಾಮಿ ಆಕಳಿಸಿದರು. ಮೂರನೆಯದು ಕೇಳಿದ್ದೇ ಎದ್ದು ಕೂತರು. ನಂಬಿಕೆ! ಅದು ಅವರ ಸ್ವಂತ ಸಾಮ್ರಾಜ್ಯವಲ್ಲವೇ?

ಆ ವಾರದ ಮೀಟಿಂಗಿನಲ್ಲಿ, ಕಾಲೇಜು ಕಟ್ಟಿಸಿದ ರಾಮಾಂಜಿನಪ್ಪನವರ ಎದುರು, ಅವರು ಯಾರೂ ಕೇಳದಿದ್ದರೂ ಒಂದು ಸಲಹೆ ಕೊಟ್ಟರು. “ಫಸ್ಟ್ ಪಿಯುನಲ್ಲಿ ಕಾಂಬಿನೇಷನ್ ಬದಲಾಯಿಸೋಕೆ ಈ ತಿಂಗಳ ಕೊನೇವರೆಗೂ ಟೈಮಿದೆ. ಈ ಪರೀಕ್ಷೇಲಿ ಯಾರ್ಯಾರಿಗೆ ತಮ್ಮ ಮೇಲೇ ನಂಬಿಕೆ ಇಲ್ವೋ, ಅಂಥೋರನ್ನ ಈಗ್ಲೇ ಕಾಮರ್ಸಿಗೆ ಕಳ್ಸಿಬಿಡೋಣ. ಸೈನ್ಸು ಪುಕ್ಕಲರಿಗಲ್ಲ.”

ರಾಮಾಂಜಿನಪ್ಪನವರಿಗೆ ಮಾತು ಪಸಂದಾಯಿತು. ಅವರ ತಂದೆ ಸೊಪ್ಪು ಬೆಳೆಯುತ್ತಿದ್ದ ಹೊಲ ಲೇಔಟಾಗಿತ್ತು, ಲೇಔಟಿನ ಲಾಭ ಕಾಲೇಜಾಗಿತ್ತು. ಧೈರ್ಯದ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಕರೆಕ್ಟು ಸ್ವಾಮಿ! ಸೈಟ್ ತೋರ್ಸೋವಾಗ ಇಲ್ಲಿ ರೋಡ್ ಬರ್ಬೋದು ಅಂದ್ರೆ ಯಾವನ್ ತಗೋತಾನೆ? ಬಂದೇ ಬತ್ತದೆ ಅನ್ಬೇಕು” ಎಂದು ಮೇಜು ಕುಟ್ಟಿದರು.

“ಸಾರ್, ಈ ಪರೀಕ್ಷೆ ಮಕ್ಕಳನ್ನ ಸೋಸೋಕಲ್ಲ” ಎಂದರು ಸುಪ್ರಜಾ. “ನಮ್ಮ ಪಾಠ ಎಲ್ಲಿ ತಲುಪಿಲ್ಲ ಅಂತ ನಾವು ತಿಳ್ಕೊಳ್ಳೋಕೆ... ಅಂತ ನಂಗನ್ಸುತ್ತೆ.”

“ಅನ್ಸುತ್ತೆ ಅಂದ್ಮೇಲೆ ಮುಗೀತಲ್ಲಮ್ಮ” ಎಂದು ದೊರೆಸ್ವಾಮಿ ನಕ್ಕರು. ಎಲ್ಲರೂ ನಕ್ಕರು. ನಿಯಮ ಪಾಸಾಯಿತು, ಜೊತೆಗೆ ಖಾರಾಬೂಂದಿ ಬಂತು.

ಪರೀಕ್ಷೆ ನಡೆದ ಮರುದಿನ ಸುಪ್ರಜಾ ಉತ್ತರದ ಹಾಳೆಗಳ ಕಟ್ಟು ಹಿಡಿದು ಸ್ಟಾಫ್‌ರೂಮಿಗೆ ಬಂದಾಗ ದೊರೆಸ್ವಾಮಿ ಬೈಟು ಕಾಫಿಯಲ್ಲಿ ತಮ್ಮ ಪಾಲು ಮುಗಿಸಿ, ಎದುರಿನವರ ಪಾಲಿನ ಕಡೆ ಕಣ್ಣು ಹಾಯಿಸುತ್ತಿದ್ದರು.

“ಸಾರ್, ಒಂದು ಪ್ರಶ್ನೆ ಮಾತ್ರ ವಿಚಿತ್ರವಾಗಿದೆ. ನೀರು ಕುದಿಯುವಾಗ ಏಳೋ ಗುಳ್ಳೆಯೊಳಗೆ ಏನಿರುತ್ತೆ ಅಂತ ಕೇಳಿದ್ದೆ. ನಿಮ್ಮ ಸೆಕ್ಷನ್ನಲ್ಲಿ ಒಬ್ಬಳನ್ನ ಬಿಟ್ಟು ಎಲ್ರೂ ಹೈಡ್ರೋಜನ್ ಮತ್ತು ಆಕ್ಸಿಜನ್ ಅಂತ ಬರೆದಿದಾರೆ. ಎಲ್ರೂ ಖಂಡಿತ ಅಂತ ಗುರುತು ಹಾಕಿದಾರೆ.”

ದೊರೆಸ್ವಾಮಿ ಖಾಲಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಕುದಿಯುವ ನೀರಿನ ಗುಳ್ಳೆಯಲ್ಲಿ ಇರುವುದು ನೀರಾವಿ. ನೀರು ರೂಪ ಬದಲಿಸುತ್ತದೆಯೇ ಹೊರತು ಒಡೆದು ಹೈಡ್ರೋಜನ್ನು, ಆಕ್ಸಿಜನ್ನು ಆಗುವುದಿಲ್ಲ. ಅದನ್ನು ಒಡೆಯಲು ವಿದ್ಯುತ್ತು ಹಾಯಿಸಬೇಕು. ಇದು ಮೀಸೆ ಚಿಗುರದ ಹುಡುಗರಿಗೂ ಗೊತ್ತಿರಬೇಕಾದ ಸಂಗತಿ. “ಮಲ್ಲೇಶ್ವರದ ಟ್ಯೂಷನ್ನೋರ ಕೆಲ್ಸ ಇದು, ನೂರಕ್ಕೆ ನೂರು!” ಎಂದು ಪಂಚೆ ಕಟ್ಟುವವರಂತೆ ಪ್ಯಾಂಟು ಮೇಲೆಳೆದುಕೊಂಡು ತರಗತಿಗೆ ನುಗ್ಗಿದರು.

“ಕುದಿಯೋ ನೀರಲ್ಲಿ ಹೈಡ್ರೋಜನ್ ಬರುತ್ತೆ ಅಂತ ಯಾವ ಕತ್ತೆ ಹೇಳ್ಕೊಟ್ಟಿದ್ದು ನಿಮ್ಗೆ?”

ತರಗತಿಯ ಕಣ್ಣುಗಳೆಲ್ಲ ನೋಟ್ಸಿನ ಪುಸ್ತಕಕ್ಕೆ ಇಳಿದವು. ಸದಾ ಮೊದಲ ಬೆಂಚಿನಲ್ಲಿ ಕೂತು ಕೇಳುವ ಮೊದಲೇ ಉತ್ತರ ಹೇಳುವ ಲಿಖಿತ್ ಕೂಡ ಶೂ ಲೇಸು ಕಟ್ಟಿಕೊಳ್ಳತೊಡಗಿದ.

“ಹೇಳ್ರೋ! ಯಾವ ಕತ್ತೆ?”

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿ, ಕೆಮ್ಮನ್ನೂ ನುಂಗಿಕೊಂಡರು. ಮಕ್ಕಳಿಗೆ ಹಿರಿಯರ ಮೇಲೆ ಎಷ್ಟು ಗೌರವ ಇರುತ್ತದೆ ನೋಡಿ. ದೊರೆಸ್ವಾಮಿಯವರಿಗೆ ಮಾತ್ರ ಆ ಗೌರವ ಅರ್ಥವಾಗಲಿಲ್ಲ. ಗೊಣಗುತ್ತಾ ಹೊರಬಂದು, ಸರಿ ಉತ್ತರ ಬರೆದ ಆ ಒಬ್ಬಳನ್ನು ಸ್ಟಾಫ್‌ರೂಮಿಗೆ ಕರೆಸಿದರು.

ಬಂದವಳು ಯಶಶ್ರೀ. ಶ್ರೀರಾಂಪುರದ ಹುಡುಗಿ, ಅಪ್ಪನದು ಅಲ್ಲೇ ಹಾರ್ಡ್‌ವೇರ್ ಅಂಗಡಿ. ತರಗತಿಯಲ್ಲಿ ಇದ್ದಾಳೆಂಬುದೇ ದೊರೆಸ್ವಾಮಿಯವರ ಗಮನಕ್ಕೆ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಗುಳ್ಳೇಲಿ ನೀರಾವಿ ಅಂತ ಬರ್ದಿದೀಯ. ಹೇಗೆ ಗೊತ್ತಾಯ್ತು? ಯಾರ ಟ್ಯೂಷನ್ನು?”

“ಟ್ಯೂಷನ್ ಇಲ್ಲ ಸಾರ್. ನಮ್ಮಜ್ಜಿ ಅಕ್ಕಯಮ್ಮ ದಿನಾ ಮುದ್ದೆಗೆ ಎಸರಿಡ್ತಾರೆ. ಹೈಡ್ರೋಜನ್ ಹತ್ಕೊಂಡು ಉರಿಯುತ್ತೆ, ಆಕ್ಸಿಜನ್ನು ಉರಿಸುತ್ತೆ ಅಂತ ನೀವೇ ಹೇಳಿದ್ರಲ್ಲ ಸಾರ್. ಕೆಳಗಡೆ ಬೆಂಕಿ ಬೇರೆ ಇರುತ್ತೆ. ಗುಳ್ಳೇಲಿ ಅದೇ ಇದ್ದಿದ್ರೆ ದಿನಾ ಮಧ್ಯಾಹ್ನ ಶ್ರೀರಾಂಪುರ ಅರ್ಧ ಹಾರ್ಹೋಗ್ಬೇಕಿತ್ತಲ್ವಾ? ಏನೂ ಆಗಲ್ಲ. ಮುಚ್ಚಳ ಎತ್ತಿದ್ರೆ ಒಳಗಡೆ ನೀರೇ ಹನಿ ಹನಿ ಕೂತಿರುತ್ತೆ. ಅದ್ಕೇ...”

ದೊರೆಸ್ವಾಮಿ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು. ಇಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಕೆಮಿಸ್ಟ್ರಿಯನ್ನು ಅಡುಗೆಮನೆಯೊಳಕ್ಕೆ ಕರೆದುಕೊಂಡು ಹೋಗಿ ಹೀಗೆ ಕೂರಿಸಿದ್ದಿಲ್ಲ. ಅವರಿಗೆ ನಿಜಕ್ಕೂ ಸಂತೋಷವಾಯಿತು. ಎದ್ದು ಆ ಹುಡುಗಿಯ ತಲೆ ಸವರಬೇಕೆನಿಸಿತು.

“ಭಲೇ! ಮತ್ತೆ ಇಷ್ಟು ಚೆನ್ನಾಗಿ ಯೋಚ್ನೆ ಮಾಡ್ದೋಳು ಬರೀ ಊಹೆ ಅಂತ ಯಾಕೆ ಗುರುತು ಹಾಕ್ದೆ ಮಾರಾಯ್ತಿ? ಧೈರ್ಯ ಬೇಡ್ವಾ?”

ಯಶಶ್ರೀ ನೆಲ ನೋಡಿದಳು. “ನೀವು ಬೇರೆ ಹೇಳಿದ್ರಲ್ಲ ಸಾರ್. ನೀವು ಹೇಳ್ದ ಮೇಲೆ ನಾನ್ ಅಂದ್ಕೊಂಡಿದ್ದು ಬರೀ ಊಹೆ ತಾನೆ?”

“ನಾನಾ? ಯಾವಾಗ?”

“ಗಣೇಶನ ಹಬ್ಬದ ಹಿಂದಿನ ದಿನ ಸಾರ್. ಪಾಯಿಂಟ್ ನಂಬರ್ ಏಳು.”

ದೊರೆಸ್ವಾಮಿ ಮೆಲ್ಲಗೆ ಕುರ್ಚಿಗೆ ಒರಗಿದರು. ಆ ದಿನ ನೆನಪಾಯಿತು. ನೀರಿಗೆ ವಿದ್ಯುತ್ತು ಹಾಯಿಸಿ ಒಡೆಯುವ ಪಾಠ. ಒಂದು ಕಡ್ಡಿಯ ಬಳಿ ಹೈಡ್ರೋಜನ್ನಿನ ಗುಳ್ಳೆ, ಇನ್ನೊಂದರ ಬಳಿ ಆಕ್ಸಿಜನ್ನಿನದು. ಗಂಟೆ ಹೊಡೆಯುವ ಹೊತ್ತು, ಮನೆಗೆ ಬಾಳೆಕಂದು ಕೊಳ್ಳುವ ಆತುರ, ಬೋರ್ಡು ಒರೆಸುತ್ತಿದ್ದರು. ಹಿಂದಿನಿಂದ ಒಂದು ಸಣ್ಣ ದನಿ, “ಸಾರ್, ನೀರು ಕುದಿಯೋವಾಗ್ಲೂ ಗುಳ್ಳೆ ಬರುತ್ತಲ್ಲ, ಅದೂ ಇದೇನಾ?” ಎಂದು ಕೇಳಿತ್ತು. ತಿರುಗಿಯೂ ನೋಡದೆ, ಪ್ರಶ್ನೆ ಪೂರ್ತಿ ಕಿವಿಗೆ ಬೀಳುವ ಮೊದಲೇ, “ಹ್ಞೂಂ, ನೀರು ಅಂದ್ಮೇಲೆ ಇನ್ನೇನಿರುತ್ತೆ? ಬರ್ಕೊಳ್ಳಿ, ಪಾಯಿಂಟ್ ನಂಬರ್ ಏಳು” ಎಂದಿದ್ದರು. ತರಗತಿ ಒಕ್ಕೊರಲಿನಿಂದ ಒಪ್ಪಿಸಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಬೇರೆಲ್ಲೋ ಇಲ್ಲ, ಅವರದೇ ತರಗತಿಯಲ್ಲಿ ಸಾಲಾಗಿ ಕೂತಿದ್ದರು. ಎತ್ತಿಗೆ ಹೆರಿಗೆ ಮಾಡಿಸಿದವರು ಮಾತ್ರ ಇವರೇ.

ಕತ್ತೆ ಯಾವುದೆಂದು ಗೊತ್ತಾಯಿತು. ಇಡೀ ತರಗತಿಗೆ ಮೊದಲೇ ಗೊತ್ತಿತ್ತು.

“ಸಾರ್” ಎಂದಳು ಯಶಶ್ರೀ. “ನನ್ ಹೆಸರು ಕಾಮರ್ಸಿಗೆ ಹೋಗುತ್ತಂತೆ. ಎಲ್ಲಾ ಪ್ರಶ್ನೆಗೂ ಊಹೆ ಅಂತ್ಲೇ ಹಾಕಿದ್ನಲ್ಲ, ಅದ್ಕೆ. ಅಪ್ಪಂಗೆ ಖುಷಿನೇ, ಅಂಗಡಿ ನೋಡ್ಕೊಳ್ಳೋಕೆ ಆಗುತ್ತೆ ಅಂತಾರೆ. ನಂಗೆ ಕೆಮಿಸ್ಟ್ರಿ ಬಿಡೋಕೆ ಆಗಲ್ಲ ಸಾರ್.” ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು.

ಮಾಡಿದ್ದುಣ್ಣೋ ಮಹರಾಯ! ಪುಕ್ಕಲರನ್ನು ಹೊರಗೆ ಹಾಕುವ ನಿಯಮ ಅವರದೇ. ಅದರ ಬಲೆಗೆ ಬಿದ್ದದ್ದು ತಲೆ ಇದ್ದ ಒಂದೇ ಒಂದು ಜೀವ. ಲಿಖಿತ್ ಮುಂತಾದ ಧೀರರು, ಎಲ್ಲ ತಪ್ಪುಗಳನ್ನೂ ಖಂಡಿತವಾಗಿ ಬರೆದು ಸೈನ್ಸಿನಲ್ಲೇ ಭದ್ರವಾಗಿ ಕೂತಿದ್ದರು.

ದೊರೆಸ್ವಾಮಿ ನೇರವಾಗಿ ರಾಮಾಂಜಿನಪ್ಪನವರ ಕೋಣೆಗೆ ಹೋದರು. “ಆ ನಿಯಮ ಬೇಡ, ವಾಪಸ್ ತಗೊಳ್ಳಿ” ಎಂದರು.

“ಅದೆಂಗಾಯ್ತದೆ ಸ್ವಾಮಿ? ನೀವೇ ತಾನೆ ಹೇಳಿದ್ದು? ನಾನಾಗ್ಲೇ ನಾಲ್ಕ್ ಜನದ ಹತ್ರ ಹೇಳ್ಕೊಂಡ್ ಬಂದಿವ್ನಿ, ನಮ್ ಕಾಲೇಜಲ್ಲಿ ಕಾನ್ಫಿಡೆನ್ಸ್ ನೋಡಿ ಸೈನ್ಸ್ ಕೊಡ್ತೀವಿ ಅಂತ.”

“ಆ ಹುಡುಗಿ ಬರೆದಿದ್ದೇ ಸರಿ. ನಾನು ಹೇಳಿದ್ದು ತಪ್ಪು.”

ರಾಮಾಂಜಿನಪ್ಪ ಕನ್ನಡಕ ತೆಗೆದು ಅವರನ್ನೇ ದಿಟ್ಟಿಸಿದರು. ದೊರೆಸ್ವಾಮಿ ತಪ್ಪು ಎನ್ನುವ ಮಾತನ್ನು ದೊರೆಸ್ವಾಮಿಯ ಬಾಯಲ್ಲಿ ಕೇಳಿ ಅವರಿಗೆ ಗಾಬರಿಯಾಗಿತ್ತು. “ಬಿಪಿ ಮಾತ್ರೆ ತಗೊಂಡ್ರಾ?” ಎಂದು ಕೇಳಿದರು. ಆಮೇಲೆ ಕರಗಿ, “ಆಯ್ತು ಬುಡಿ. ನಾಳೆ ಮಗೀನ ಇಲ್ಲಿಗೆ ಕರ್ಕೊಂಡ್ ಬನ್ನಿ. ಅದೇ ಪ್ರಶ್ನೆ ನಾನೇ ಕೇಳ್ತೀನಿ. ಧೈರ್ಯವಾಗಿ ಹೇಳಿದ್ರೆ ಸೈನ್ಸಲ್ಲೇ ಇರ್ಲಿ. ಇರ್ಬೋದು ಗಿರ್ಬೋದು ಅಂದ್ರೆ ಕಾಮರ್ಸು” ಎಂದರು.

ಮಾರನೆಯ ಬೆಳಗ್ಗೆ ದೊರೆಸ್ವಾಮಿ ತರಗತಿಯ ಮುಂದೆ ನಿಂತಾಗ ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಒದ್ದೆಯಾಗಿತ್ತು. ಹಿಂದಿನ ಸಾಲಿನಲ್ಲಿ ಸುಪ್ರಜಾ ಬಂದು ಕೂತಿದ್ದರು. “ಗುಳ್ಳೆ ವಿಷಯದಲ್ಲಿ ನಾನು ನಿಮಗೆ ಹೇಳಿದ್ದು ತಪ್ಪು” ಎಂದರು ದೊರೆಸ್ವಾಮಿ. ಇಷ್ಟು ವರ್ಷಗಳಲ್ಲಿ ಹೇಳಿದ ಅತಿ ಕಷ್ಟದ ವಾಕ್ಯ. ಹೇಳಿ ಮುಗಿಸಿ, ಯಾರಾದರೂ ನಗಲಿ, ಬೈಯಲಿ, ಯಾಕೆ ಎಂದಾದರೂ ಕೇಳಲಿ ಎಂದು ಕಾದರು.

“ಗುಳ್ಳೆ ವಿಷಯದಲ್ಲಿ ನಾನು ನಿಮಗೆ ಹೇಳಿದ್ದು ತಪ್ಪು” ಎಂದು ತರಗತಿ ಒಕ್ಕೊರಲಿನಿಂದ ಒಪ್ಪಿಸಿತು.

“ಅಯ್ಯೋ, ಇದನ್ನಲ್ರೋ! ಗುಳ್ಳೇಲಿ ಇರೋದು ನೀರಾವಿ. ಯಾಕೆ ಅಂದ್ರೆ...”

“ಗುಳ್ಳೇಲಿ ಇರೋದು ನೀರಾವಿ!” ಎಂದು ಗೋಡೆ ನಡುಗಿತು. ಯಾಕೆ ಎಂಬುದು ಆ ಗದ್ದಲದಲ್ಲಿ ಎಲ್ಲೋ ಕೊಚ್ಚಿಹೋಯಿತು. ಲಿಖಿತ್ ಕೈಯೆತ್ತಿ, “ಸಾರ್, ಇದು ಪಾಯಿಂಟ್ ಎಂಟಾ? ಏಳನ್ನ ಹೊಡೆದುಹಾಕ್ಬೇಕಾ, ಅಥವಾ ಎಕ್ಸಾಮಿಗೆ ಎರಡೂ ಬರೀಬೇಕಾ?” ಎಂದು ಕೇಳಿದ. ಸುಪ್ರಜಾ ಹಣೆ ಚಚ್ಚಿಕೊಂಡರು.

ಮಧ್ಯಾಹ್ನ ರಾಮಾಂಜಿನಪ್ಪನವರ ಕೋಣೆಯಲ್ಲಿ ಯಶಶ್ರೀ ಕೈಕಟ್ಟಿ ನಿಂತಳು. ಒಂದು ಕಡೆ ಸುಪ್ರಜಾ, ಇನ್ನೊಂದು ಕಡೆ ದೊರೆಸ್ವಾಮಿ. ಆ ಮುದ್ದೆಯ ಎಸರಿನ ಮಾತನ್ನೇ ಹೇಳಮ್ಮ, ಶ್ರೀರಾಂಪುರ ಹಾರಿಹೋಗಬೇಕಿತ್ತು ಅನ್ನು, ಈ ಮನುಷ್ಯನಿಗೂ ಅರ್ಥವಾಗುತ್ತದೆ ಎಂದು ದೊರೆಸ್ವಾಮಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು.

“ಗುಳ್ಳೇಲಿ ಏನವ್ವ ಇರೋದು?”

“ನೀರಾವಿ ಸಾರ್.”

“ಎಷ್ಟು ಗ್ಯಾರಂಟಿ?”

“ಹಂಡ್ರೆಡ್ ಪರ್ಸೆಂಟ್ ಸಾರ್!” ಯಶಶ್ರೀಯ ದನಿ ಕಿಟಕಿಯ ಗಾಜಿಗೆ ತಾಗಿ ವಾಪಸು ಬಂತು. ಇದೇ ಹುಡುಗಿಯೇ ಎಂದು ಸುಪ್ರಜಾ ತಿರುಗಿ ನೋಡಿದರು.

“ಭೇಷ್! ಅಂಗೆ ಬಾ ದಾರೀಗೆ. ನಿನ್ನೆವರ್ಗೂ ಊಹೆ ಅಂತಿದ್ದೋಳು, ಇವತ್ತು ಈ ಧೈರ್ಯ ಎಲ್ಲಿಂದ ಬಂತು?”

“ದೊರೆಸ್ವಾಮಿ ಸಾರೇ ಹೇಳಿದ್ರು ಸಾರ್, ಬೆಳಗ್ಗೆ.”

ದೊರೆಸ್ವಾಮಿ ಕಣ್ಣು ಮುಚ್ಚಿಕೊಂಡರು. ಎಸರು, ಬೆಂಕಿ, ಮುಚ್ಚಳದ ಹನಿ, ಆ ಹುಡುಗಿ ತಾನೇ ಕಟ್ಟಿದ್ದೆಲ್ಲ ಹೋಯಿತು. ಮೊನ್ನೆ ಅವರ ಮಾತಿನಿಂದ ಸರಿಯನ್ನು ಅನುಮಾನಿಸಿದಳು, ಇವತ್ತು ಅವರ ಮಾತಿನಿಂದ ಸರಿಯನ್ನು ನಂಬಿದಳು. ಅಳು ಬರುವಂತಾಯಿತು.

“ಗುರು ಅಂದ್ರೆ ಹಿಂಗಿರ್ಬೇಕು!” ಎಂದು ರಾಮಾಂಜಿನಪ್ಪ ಎದ್ದುನಿಂತರು. “ಒಂದೇ ಮಾತಲ್ಲಿ ಮಗೂಗೆ ಧೈರ್ಯ ತುಂಬಿಬಿಟ್ರಲ್ಲ. ಸೈನ್ಸಲ್ಲೇ ಇರು ಹೋಗವ್ವ.” ಯಾವುದೋ ಸಮಾರಂಭಕ್ಕೆಂದು ಅಲಮಾರಿಯಲ್ಲಿ ಸದಾ ಇಟ್ಟಿರುತ್ತಿದ್ದ ಜರಿ ಶಾಲುಗಳಲ್ಲಿ ಒಂದನ್ನು ಎಳೆದು ದೊರೆಸ್ವಾಮಿಯವರ ಹೆಗಲಿಗೆ ಹೊದಿಸಿದರು. ಪ್ಲಾಸ್ಟಿಕ್ಕು ಬಿಚ್ಚಲು ಮರೆತಿದ್ದರು.

ಹೊರಗೆ ಕಾರಿಡಾರಿನಲ್ಲಿ ದೊರೆಸ್ವಾಮಿ ಚರಚರ ಎನ್ನುವ ಶಾಲಿನೊಂದಿಗೆ ನಿಧಾನ ನಡೆಯುತ್ತಿದ್ದರು. ಯಶಶ್ರೀ ಓಡಿಬಂದಳು. ಮುಖ ಅರಳಿತ್ತು.

“ಥ್ಯಾಂಕ್ಸ್ ಸಾರ್. ಸಾರ್, ಇನ್ನೊಂದ್ ಡೌಟಿದೆ, ಕೇಳ್ಲಾ?”

“ಕೇಳು.”

“ಎಸರು ಕುದಿಯೋಕ್ ಮುಂಚೇನೇ ಪಾತ್ರೆ ತಳದಲ್ಲಿ ಸಣ್ ಸಣ್ ಗುಳ್ಳೆ ಅಂಟ್ಕೊಂಡಿರುತ್ತಲ್ಲ ಸಾರ್, ಆಗಿನ್ನೂ ನೀರು ಬೆಚ್ಚಗಷ್ಟೇ ಇರುತ್ತೆ. ಅದ್ರಲ್ಲಿ ಏನಿರುತ್ತೆ?”

ಎಂಥ ಒಳ್ಳೆಯ ಪ್ರಶ್ನೆ! ಗಾಳಿ ಕಣಮ್ಮ, ತಣ್ಣೀರಿನಲ್ಲಿ ಕರಗಿದ್ದ ಗಾಳಿ, ನೀರು ಬಿಸಿಯಾದಂತೆ ಹೊರಗೆ ಬರುತ್ತದೆ. ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಜನ್ಮದ ಅಭ್ಯಾಸ, ಬಾಯಿ ಆಗಲೇ ಅರ್ಧ ತೆರೆದಿತ್ತು. ದೊರೆಸ್ವಾಮಿ ಹಲ್ಲು ಕಚ್ಚಿದರು.

“ನಂಗೊತ್ತಿಲ್ಲ” ಎಂದರು. ಎಂಥ ಹಸಿ ಸುಳ್ಳು! “ನಿಂಗೇನನ್ಸುತ್ತೆ?”

ಹುಡುಗಿ ಹೆದರಿದಂತೆ ಅವರ ಮುಖ ನೋಡಿದಳು. ಅರಳಿದ್ದ ಮುಖ ಸಣ್ಣದಾಯಿತು. “ಹೋಗ್ಲಿ ಬಿಡಿ ಸಾರ್” ಎಂದಳು, ಅವರಿಗೆ ಸಮಾಧಾನ ಮಾಡುವವಳಂತೆ. “ಲಿಖಿತ್‌ನ ಕೇಳ್ತೀನಿ. ಅವ್ನಿಗೆ ಎಲ್ಲಾ ಖಂಡಿತವಾಗಿ ಗೊತ್ತಿರುತ್ತೆ.” ಹೇಳಿ ತರಗತಿಯೊಳಗೆ ಹೋಗಿಬಿಟ್ಟಳು.

ದೊರೆಸ್ವಾಮಿ ಕಾರಿಡಾರಿನ ಕಂಬಕ್ಕೆ ಒರಗಿ ನಿಂತರು. ಲಿಖಿತ್! ಇಷ್ಟು ವರ್ಷ ತಾವು ಕಲಿಸಿದ್ದರ ಫಲ ಅದೇ ತಾನೆ, ಖಾತ್ರಿಯಿಂದ ಕೂಗುವವನ ಹತ್ತಿರ ಹೋಗಿ ಕೇಳುವುದು. ಒಳಗಿನಿಂದ ಅವನ ಗಂಟಲು ಕೇಳಿಸಿತು.

“ನೀರಾವಿ ಕಣೇ! ಪಾಯಿಂಟ್ ಎಂಟು. ಗ್ಯಾರಂಟಿ.”

ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು. ಬರೆದುಕೊಳ್ಳುತ್ತಿದ್ದಾಳೆ, ಮುಗಿಯಿತು ಎಂದುಕೊಂಡರು ದೊರೆಸ್ವಾಮಿ. ಆಗ ಯಶಶ್ರೀಯ ದನಿ ಬಂತು.

“ಅದ್ಹೆಂಗೋ ಆಗುತ್ತೆ? ನೀರಿನ್ನೂ ಬೆಚ್ಚಗಾಗಿದೆ ಅಷ್ಟೇ. ಆವಿ ಆಗಿದ್ರೆ ಮುಚ್ಚಳಕ್ಕೆ ಹನಿ ಕೂರ್ಬೇಕಲ್ವಾ? ಅಷ್ಟೊತ್ನಲ್ಲಿ ಮುಚ್ಚಳ ಒಣಗಿರುತ್ತೆ, ನಾನೇ ನೋಡಿದೀನಿ.”

“ಸಾರ್ ಹೇಳಿದ್ ತಪ್ಪಾ ಹಾಗಾದ್ರೆ?”

“ಸಾರ್ ಹೇಳಿದ್ದು ಕುದಿಯೋ ನೀರಿಗೆ. ಇದು ಸಾರಿಗೇ ಗೊತ್ತಿಲ್ವಂತೆ ಕಣೋ, ಅವರೇ ಅಂದ್ರು.” ಯಶಶ್ರೀಯ ದನಿಯಲ್ಲಿ ಬೆರಗಿತ್ತು, ಅದರ ಹಿಂದೆಯೇ ಏನೋ ಸಡಿಲಗೊಂಡಂಥ ಉತ್ಸಾಹ. “ಹಾಗಾದ್ರೆ ನಾವೇ ನೋಡ್ಬೇಕು. ಒಂದ್ಸಲ ಕುದಿಸಿ ಆರ್ಸಿದ್ ನೀರನ್ನೇ ತಿರ್ಗಾ ಒಲೆ ಮೇಲಿಟ್ರೆ ಆ ಸಣ್ ಗುಳ್ಳೆ ಬರುತ್ತಾ ಇಲ್ವಾ? ಇವತ್ತು ಅಜ್ಜಿ ಹತ್ರ ಇಡಿಸ್ತೀನಿ ತಡಿ.”

ಕರಗಿದ ಗಾಳಿ ಒಮ್ಮೆ ಹೊರಟುಹೋದರೆ ಮತ್ತೆ ಅಷ್ಟು ಬೇಗ ಗುಳ್ಳೆ ಏಳುವುದಿಲ್ಲ. ಎಷ್ಟು ಸರಿಯಾಗಿ ಹಿಡಿದಳು, ಮುಂಡೇದು! ದೊರೆಸ್ವಾಮಿಯವರ ಕಣ್ಣು ತುಂಬಿಬಂತು. ಸಂತೋಷವಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಯೂ ಉರಿಯಿತು. ತಮಗೆ ಗೊತ್ತಿಲ್ಲ ಎಂಬ ಸುದ್ದಿ ಸಂಜೆಯೊಳಗೆ ಬಸವನಗುಡಿಯಲ್ಲಿ ಹಬ್ಬುವುದಂತೂ ಖಂಡಿತ.

“ಇರು, ಸಾರ್ ಇನ್ನೂ ಇಲ್ಲೇ ಇರ್ಬೋದು, ಒಂದ್ಸಲ ಕೇಳೇಬಿಡೋಣ” ಎಂದ ಲಿಖಿತ್. ಬೆಂಚು ಸರಿದ ಸದ್ದಾಯಿತು.

ಕೇಳಿದರೆ ತಾವು ಉತ್ತರ ಹೇಳಿಬಿಡುತ್ತೇವೆಂದು ದೊರೆಸ್ವಾಮಿಯವರಿಗೆ ಚೆನ್ನಾಗಿ ಗೊತ್ತಿತ್ತು. ಚರಚರ ಎನ್ನುವ ಶಾಲನ್ನು ಕಂಕುಳಲ್ಲಿ ಅವುಚಿಕೊಂಡು, ಸದ್ದಾಗದಂತೆ ಚಪ್ಪಲಿ ಕೈಗೆತ್ತಿಕೊಂಡು, ಅವರು ಮೆಟ್ಟಿಲ ಕಡೆ ಓಡಿದರು.